ಕಾಡು ಬಾ ಅನ್ನುವ ಮುನ್ನ: ಬನ್ನೂರು ಸೀಮೆಯ ಹಿರಿಯರ ಪ್ರಣಾಳಿಕೆ

ನಾವು ಬನ್ನೂರಿನವರು, ಬನ್ನೂರಿನ ಆಸುಪಾಸಿನ ತಿರುಮಕೂಡಲು ನರಸೀಪುರ, ನಂಜನಗೂಡು ಸೀಮೆಯ ಹಳ್ಳಿಗಳವರು. ನಮ್ಮಲ್ಲಿ ಹೆಚ್ಚಿನವರಿಗೆ ಅರವತ್ತು ದಾಟಿದೆ, ಕೆಲವರಿಗೆ ಎಂಬತ್ತು. ಗದ್ದೆ ನಾಟಿ ಮಾಡಿದವರಿದ್ದೇವೆ, ಆಲೆಮನೆಯಲ್ಲಿ ಬೆಲ್ಲ ಕಾಯಿಸಿದವರಿದ್ದೇವೆ, ಕುರಿ ಮೇಯಿಸಿದವರು, ಮೇಷ್ಟ್ರಾಗಿದ್ದವರು, ಸಂತೆಯಲ್ಲಿ ಹೂ ಕಟ್ಟಿ ಮಾರಿದವರು, ಊರಿನ ಅರ್ಧ ಮಕ್ಕಳಿಗೆ ಎಣ್ಣೆನೀರು ಹಾಕಿದವರು ಇದ್ದೇವೆ. ನಮಗೆ ವಯಸ್ಸಾಗಿದೆ. ನಾವು ಸಾಯುತ್ತೇವೆ. ಈ ಎರಡು ಮಾತನ್ನು ಮನೆಯೊಳಗೆ, ಮಕ್ಕಳು ಮೊಮ್ಮಕ್ಕಳ ಎದುರು, ಅಳುಕಿಲ್ಲದೆ ಆಡುವಂತಾಗಬೇಕು. ಅದಕ್ಕಾಗಿ ಈ ಚಳವಳಿ.

ನಮ್ಮ ಕಡೆ ಸಾವಿನ ಮಾತು ಎತ್ತಿದ ಕೂಡಲೇ ಅದನ್ನು ಅಲ್ಲೇ ಅಮುಕಿಬಿಡುತ್ತಾರೆ. ಅಜ್ಜಿಯೊಬ್ಬಳು ಮೊಮ್ಮಗಳ ತಲೆ ಬಾಚುತ್ತಾ "ನಾನು ಹೋದ್ಮೇಲೆ ಈ ಓಲೆ ನಿಂಗೇ ಕಣವ್ವ" ಅಂದರೆ, ಒಳಗಿನಿಂದ ಸೊಸೆ "ಬಿಡ್ತು ಅನ್ನಿ ಅತ್ತೆ, ದೀಪ ಹಚ್ಚೋ ಹೊತ್ನಲ್ಲಿ ಎಂಥಾ ಮಾತು" ಅನ್ನುತ್ತಾಳೆ. ಅಕ್ಕರೆಯಿಂದಲೇ ಅನ್ನುತ್ತಾಳೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅಜ್ಜಿಗೆ ಹೇಳಬೇಕಾಗಿದ್ದದ್ದು ಓಲೆಯ ವಿಷಯ ಒಂದೇ ಆಗಿರಲಿಲ್ಲ. ತನ್ನ ಕೊನೆಯ ದಿನಗಳು ಯಾವ ಮನೆಯಲ್ಲಿ ಕಳೆಯಬೇಕು, ಹತ್ತಿರ ಯಾರಿರಬೇಕು, ಮಾತು ಬಿಟ್ಟ ಕಿರಿಮಗನನ್ನು ಯಾರು ಕರೆತರಬೇಕು, ಯಾವ ಹರಕೆ ತೀರಿಲ್ಲ, ಯಾರ ಕೈಗಡ ಬಾಕಿ ಇದೆ ಎಂಬುದೆಲ್ಲ ಆ ಓಲೆಯ ಹಿಂದೆ ನಿಂತಿತ್ತು. ಬಿಡ್ತು ಅಂದ ಮೇಲೆ ಅದೆಲ್ಲ ನಿಂತೇಹೋಯಿತು. ಮುಂದೊಂದು ದಿನ ಅಜ್ಜಿಯ ಮಾತು ನಿಂತಿರುತ್ತದೆ, ಮೂಗಿಗೆ ಕೊಳವೆ ಹಾಕಿರುತ್ತಾರೆ, ಮಕ್ಕಳು ಐಸಿಯು ಬಾಗಿಲಲ್ಲಿ ನಿಂತು "ಅವ್ವಂಗೆ ಏನು ಬೇಕಿತ್ತೋ" ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿರುತ್ತಾರೆ.

ವಿಚಿತ್ರವೆಂದರೆ ಇದೇ ಊರಿನ ಅರಳಿಕಟ್ಟೆಯ ಮೇಲೆ ಈ ಅಳುಕು ಇಲ್ಲ. ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ ಎಂದು ಒಬ್ಬರು ಅಂದರೆ, ಇನ್ನೊಬ್ಬರು "ಶಿವ ಇನ್ನೂ ಚೀಟಿ ಕಳಿಸಿಲ್ಲ ಕಣಪ್ಪ" ಅನ್ನುತ್ತಾರೆ, ಎಲ್ಲರೂ ನಗುತ್ತಾರೆ. ಓರಗೆಯವರ ನಡುವೆ ಇಷ್ಟು ಸಲೀಸಾಗಿ ಬರುವ ಮಾತು ಹೊಸ್ತಿಲು ದಾಟುತ್ತಿದ್ದಂತೆ ಅಪಶಕುನವಾಗುತ್ತದೆ. ಕಟ್ಟೆಯ ಮಾತನ್ನು ನಡುಮನೆಗೆ ತರುವುದು ನಮ್ಮ ಮೊದಲ ಕೆಲಸ.

ಸಾವಿಗೆ ಅಣಿಯಾಗಿರುವುದು ಈ ಸೀಮೆಗೆ ಹೊಸದಲ್ಲ. ನಮ್ಮ ಅವ್ವಂದಿರ ಟ್ರಂಕು ತೆಗೆದರೆ ಅಡಿಯಲ್ಲಿ ಒಂದು ಸೀರೆ ಮಡಿಸಿಟ್ಟಿರುತ್ತಿತ್ತು. ಅದನ್ನು ಯಾವ ಹಬ್ಬಕ್ಕೂ ಉಡುತ್ತಿರಲಿಲ್ಲ, ಯಾಕೆಂದು ಎಲ್ಲರಿಗೂ ಗೊತ್ತಿತ್ತು. ಮಣ್ಣಿನ ಖರ್ಚಿಗೆಂದು ನಾಲ್ಕು ಕಾಸು ಬೇರೆಯೇ ಗಂಟು ಕಟ್ಟಿ, ಎಂಥಾ ಕಷ್ಟ ಬಂದರೂ ಅದನ್ನು ಮುಟ್ಟದೆ ಇಟ್ಟವರು ಇದ್ದರು. ಬ್ರಾಹ್ಮಣರ ಮನೆಗಳಲ್ಲಿ ಕಾಶಿಯಿಂದ ತಂದ ಗಂಗೆಯ ಥಾಲಿ ಬೆಸುಗೆ ಒಡೆಯದೆ ದೇವರ ಮನೆಯಲ್ಲಿ ಕೂತಿರುತ್ತಿತ್ತು, ಯಾರದೋ ಕೊನೆಯ ಗುಟುಕಿಗೆಂದು. ಹಜ್ ಮುಗಿಸಿ ಬಂದ ಹಿರಿಯರು ಅಲ್ಲಿ ಉಟ್ಟ ಇಹ್ರಾಮಿನ ಬಿಳಿ ಬಟ್ಟೆಯನ್ನು ತಮ್ಮ ಕಫನಿಗೆಂದು ಎತ್ತಿಡುತ್ತಾರೆ. ಲಿಂಗವಂತರು ಅಂಗೈಯ ಇಷ್ಟಲಿಂಗದೊಡನೆ ಕುಳಿತ ಭಂಗಿಯಲ್ಲೇ ಮಣ್ಣು ಸೇರುತ್ತಾರೆ, ಹೋದವರನ್ನು ಲಿಂಗೈಕ್ಯರಾದರು ಅನ್ನುತ್ತಾರೆ. ತಿರುನಾಮದ ಒಕ್ಕಲುಗಳಲ್ಲಿ ದಾಸಯ್ಯ ಶಂಖ ಊದಿ ಜಾಗಟೆ ಹೊಡೆದು ಕಳಿಸಿಕೊಡುತ್ತಾನೆ. ಹೊಲದ ಮೂಲೆಯಲ್ಲಿ ಅಪ್ಪನ ಗುಡ್ಡೆಯ ಪಕ್ಕ ತನ್ನ ಜಾಗ ಯಾವುದೆಂದು ತೋರಿಸಿ, ಅಲ್ಲಿ ತೆಂಗು ನೆಡಬೇಡಿ ಎಂದವರನ್ನು ನಾವೇ ಕಂಡಿದ್ದೇವೆ. ಇವರಲ್ಲಿ ಯಾರೂ ಬದುಕಿನ ಮೇಲೆ ಬೇಸರಪಟ್ಟವರಲ್ಲ. ಮಣ್ಣಿನ ದುಡ್ಡು ಎತ್ತಿಟ್ಟ ಅವ್ವನೇ ಮಾರನೇ ದಿನ ಅವರೆಕಾಳು ಸುಲಿಯಲು ಮೊದಲು ಕೂರುತ್ತಿದ್ದಳು. ಅಣಿಯಾದವರಿಗೆ ಆಮೇಲೆ ಅದರ ಚಿಂತೆ ಇರುತ್ತಿರಲಿಲ್ಲ.

ಈಗ ಏನಾಗಿದೆ? ಮಕ್ಕಳು ಮೈಸೂರು, ಬೆಂಗಳೂರು, ಅದರಾಚೆಗೂ ಹೋಗಿದ್ದಾರೆ. ಹೋಗಲೇಬೇಕಿತ್ತು, ತುಂಡು ಗದ್ದೆಯಲ್ಲಿ ನಾಲ್ಕು ಸಂಸಾರ ಬಾಳುವುದಿಲ್ಲ. ಸಾವು ಮನೆಯ ಕೋಣೆಯಿಂದ ಪೇಟೆಯ ಆಸ್ಪತ್ರೆಗೆ ಸ್ಥಳ ಬದಲಿಸಿದೆ. ವಾಸಿಯಾಗುವ ಕಾಯಿಲೆಗೆ ಆಸ್ಪತ್ರೆಗೆ ಓಡಬೇಕು, ಓಡಿ ನಾವೆಲ್ಲ ಬದುಕಿಕೊಂಡಿದ್ದೇವೆ. ನಮ್ಮ ಅಜ್ಜಂದಿರು ಕಾಣದ ವಯಸ್ಸು ನಾವು ಕಂಡಿದ್ದರೆ ಅದಕ್ಕೆ ಲಸಿಕೆ, ಮಾತ್ರೆ, ಡಾಕ್ಟರರೇ ಕಾರಣ. ಆದರೆ ವಾಸಿಯಾಗುವುದಿಲ್ಲ ಎಂದು ಗೊತ್ತಾದ ಮೇಲೂ, ಅದನ್ನು ಬಾಯಿಬಿಟ್ಟು ಹೇಳುವವರಿಲ್ಲದೆ, ಯಂತ್ರದ ಬಿಲ್ಲು ಕಟ್ಟಲು ಗದ್ದೆ ಭೋಗ್ಯಕ್ಕೆ ಹಾಕುವುದು ಊರೂರಲ್ಲೂ ನಡೆದಿದೆ. ಮಗನಿಗೆ ಸಾಕು ಅನ್ನಲು ಧೈರ್ಯವಿಲ್ಲ. ಅಂದರೆ ನೆಂಟರು ಏನಂದಾರು? ಸಾಕು ಎಂದು ಮೊದಲೇ ಹೇಳಿಡಬೇಕಾಗಿದ್ದವರು ನಾವು. ಹೇಳಲು ನಮ್ಮನ್ನು ಬಿಡಲಿಲ್ಲ, ನಾವೂ ಹಟ ಹಿಡಿಯಲಿಲ್ಲ.

ಆದ್ದರಿಂದ ಈ ಮಾತನ್ನು ಮುಂದಿಡುತ್ತಿದ್ದೇವೆ. ಮುಪ್ಪನ್ನು ಒಪ್ಪಿದ್ದೇವೆ, ಸಾವನ್ನೂ ಒಪ್ಪಿದ್ದೇವೆ. ಅವುಗಳ ಬೆನ್ನಿಗೆ ಮನುಷ್ಯರು ಕಟ್ಟಿಕಳಿಸುವ ನೋವು, ಒಂಟಿತನ, ಸಾಲ, ಅವಮಾನಗಳನ್ನು ಒಪ್ಪುವುದಿಲ್ಲ. ದರ್ಶನ ಮುಗಿಸಿ ಗುಡಿಯ ಜಗಲಿಯಲ್ಲಿ ಒಂದು ಗಳಿಗೆ ಕುಳಿತು ಹಿರಿಯರು ಬೇಡಿಕೊಳ್ಳುವ ಹಳೆಯ ಪ್ರಾರ್ಥನೆಯೊಂದಿದೆ: ಬದುಕಿದಷ್ಟು ದಿನ ಯಾರೆದುರೂ ಕೈಚಾಚದ ಹಾಗೆ ಇಡು, ಹೋಗುವಾಗ ನರಳದ ಹಾಗೆ ಕರೆದುಕೋ. ನೂರಾರು ವರ್ಷದಿಂದ ದೇವರ ಮುಂದಿಟ್ಟ ಈ ಅರ್ಜಿಯ ಒಂದು ಪ್ರತಿಯನ್ನು ಮನೆಯವರಿಗೂ ಪಂಚಾಯಿತಿಗೂ ಸರ್ಕಾರಕ್ಕೂ ಈಗ ಕೊಡುತ್ತಿದ್ದೇವೆ, ಯಾಕೆಂದರೆ ಅದರಲ್ಲಿ ಬಹುಪಾಲು ಅವರ ಕೈಯಲ್ಲೇ ಇದೆ.

ನಂಬಿಕೆಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಂಜನಗೂಡಿನ ಶ್ರೀಕಂಠೇಶ್ವರ ರೋಗ ಕಳೆಯುವ ದೇವರು. ಟಿಪ್ಪು ಸುಲ್ತಾನ ತನ್ನ ಪಟ್ಟದಾನೆಯ ಕಣ್ಣಿಗಾಗಿ ಇಲ್ಲಿ ಹರಕೆ ಹೊತ್ತು, ಕಣ್ಣು ವಾಸಿಯಾದ ಮೇಲೆ ದೇವರನ್ನು ಹಕೀಂ ನಂಜುಂಡ ಎಂದು ಕರೆದು ಪಚ್ಚೆಯ ಲಿಂಗ ಅರ್ಪಿಸಿದನೆಂದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ಕಪಿಲೆಯಲ್ಲಿ ಮುಳುಗೆದ್ದು ಉರುಳುಸೇವೆ ಮಾಡಿದವರು ನಮ್ಮಲ್ಲೇ ಇದ್ದಾರೆ. ಆ ದೇವರ ಸುತ್ತಲೂ ತಲೆಮಾರುಗಳಿಂದ ಜನ ಮುದುಕರಾಗಿದ್ದಾರೆ, ಸತ್ತಿದ್ದಾರೆ. ಆದರೂ ಪಂಚಮಹಾರಥೋತ್ಸವದ ದಿನ ತೇರಿನ ಹಗ್ಗ ಹಿಡಿಯುವವರು ಕಡಿಮೆಯಾಗಿಲ್ಲ. ಅಂದಮೇಲೆ ಜನ ಅಲ್ಲಿಗೆ ಹೋಗುವುದು ಸಾವಿಲ್ಲದ ವರ ಕೇಳಲಿಕ್ಕಲ್ಲ. ನಂಜುಂಡ ಹಾಲಾಹಲವನ್ನು ಉಗುಳಲಿಲ್ಲ, ಒಳಗೂ ಇಳಿಸಲಿಲ್ಲ, ಗಂಟಲಲ್ಲಿ ಇಟ್ಟುಕೊಂಡು ತನ್ನ ಕೆಲಸ ಮಾಡುತ್ತಾ ಹೋದ. ಸಾವು ಇದೆ ಎಂಬ ಅರಿವನ್ನು ಹಾಗೆ ಇಟ್ಟುಕೊಂಡು ಬಾಳುವ ಬಲ ನಮಗೆ ಬೇಕು. ನಾವು ನಂಬಿಕೆ ಎನ್ನುವುದು ಅದನ್ನು. ಹರಕೆಗೆ ಪ್ರತಿಯಾಗಿ ಆಯುಸ್ಸು ಸಿಗಲಿಲ್ಲವೆಂದು ದೇವರ ಮೇಲೆ ಮುನಿಸಿಕೊಂಡು, ಕೊನೆಯ ದಿನಗಳಲ್ಲಿ ದೀಪ ಹಚ್ಚುವುದನ್ನೂ ಬಿಟ್ಟವರನ್ನು ನೋಡಿ ನಾವು ಸಂಕಟಪಟ್ಟಿದ್ದೇವೆ. ಅವರಿಗೆ ಕಾಯಿಲೆಯ ಜೊತೆಗೆ ಇನ್ನೊಂದು ಕಾಯಿಲೆ.

ಕಾವೇರಿ, ಕಪಿಲೆ, ಕಣ್ಣಿಗೆ ಕಾಣದ ಸ್ಫಟಿಕ ಸರೋವರ ಕೂಡುವ ತಿರುಮಕೂಡಲಿನಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುತ್ತಿದೆ. ಕೊರೋನಾ ಕಾಲದಲ್ಲಿ ತಪ್ಪಿದ್ದು 2025ರ ಫೆಬ್ರವರಿಯಲ್ಲಿ ಮತ್ತೆ ನಡೆಯಿತು. ಲಕ್ಷಾಂತರ ಜನ ಮಿಂದೇಳುವ ಆ ನೀರಿಗೇ ನಮ್ಮ ಅಪ್ಪ ಅವ್ವಂದಿರ ಬೂದಿಯನ್ನು ಬಿಟ್ಟಿದ್ದೇವೆ. ಆ ಮೆಟ್ಟಿಲ ಮೇಲೆ ನಿಂತವರಿಗೆ ಸಾವನ್ನು ಬೇರೆ ಯಾವುದೋ ಲೋಕದ ಸಂಗತಿ ಎಂದುಕೊಳ್ಳಲು ಆಗುವುದಿಲ್ಲ.

ಬನ್ನೂರು ಹೆತ್ತ ಮಗನೊಬ್ಬನ ಮುಪ್ಪನ್ನೂ ಇಲ್ಲಿ ನೆನೆಯಬೇಕು. ವ್ಯಾಸರಾಜರು ಹುಟ್ಟಿದ್ದು ಈ ಊರಲ್ಲಿ, ಹದಿನೈದನೇ ಶತಮಾನದಲ್ಲಿ. 'ನ್ಯಾಯಾಮೃತ', 'ತರ್ಕತಾಂಡವ' ಬರೆದ ಪಂಡಿತರೆಂದು, ಕೃಷ್ಣದೇವರಾಯ ತಲೆಬಾಗಿದ ಗುರುಗಳೆಂದು, ಪುರಂದರದಾಸರಿಗೂ ಕನಕದಾಸರಿಗೂ ಆಸರೆಯಾದವರೆಂದು ಅವರನ್ನು ಹೊಗಳುತ್ತೇವೆ. ನಮ್ಮ ವಯಸ್ಸಿನವರಿಗೆ ಅವರ ಕೊನೆಯ ಹತ್ತು ವರ್ಷ ಇನ್ನೂ ಹತ್ತಿರದ್ದು. 1529ರಲ್ಲಿ ಕೃಷ್ಣದೇವರಾಯ ತೀರಿಕೊಂಡ. ತಮ್ಮನ್ನು ಅಷ್ಟೆತ್ತರದಲ್ಲಿ ಕೂರಿಸಿದ ದೊರೆ ಹೋದ ಮೇಲೂ ವ್ಯಾಸರಾಜರು 1539ರವರೆಗೆ ಇದ್ದರು, ಹೊಸ ದೊರೆಯ ಕಾಲದಲ್ಲಿ, ತಮ್ಮ ಪಾಠ ಪ್ರವಚನ ಪೂಜೆಯೊಳಗೆ. ತನ್ನ ಕಾಲ ಮುಗಿದ ಮೇಲೂ ತಾನಿನ್ನೂ ಇರುವುದು ಹೇಗೆಂಬುದು ಮುಪ್ಪಿನ ದೊಡ್ಡ ಪ್ರಶ್ನೆ. ಅವರ ಬೃಂದಾವನ ಇರುವುದು ಇಲ್ಲಿಂದ ಬಹುದೂರದ ಆನೆಗೊಂದಿಯಲ್ಲಿ, ತುಂಗಭದ್ರೆಯ ನಡುಗಡ್ಡೆಯ ನವಬೃಂದಾವನದಲ್ಲಿ. 2019ರ ಜುಲೈಯಲ್ಲಿ ಅದನ್ನು ಯಾರೋ ಒಡೆದಾಗ ಮಠದವರೂ ಭಕ್ತರೂ ಕೂಡಿ ಕೂಡಲೇ ಮತ್ತೆ ಕಟ್ಟಿದರು. ಕಲ್ಲೂ ಶಾಶ್ವತವಲ್ಲ, ಕಟ್ಟುವ ಕೈಗಳು ಇದ್ದವು.

ದೇವರನ್ನು ನಂಬದವರಿಗೂ ಈ ಚಳವಳಿಯಲ್ಲಿ ಜಾಗವಿದೆ. ಗಿರೀಶ ಕಾರ್ನಾಡರು 2019ರ ಜೂನ್ 10ರಂದು ತೀರಿಕೊಂಡಾಗ, ಅವರ ಇಚ್ಛೆಯಂತೆ ಸರ್ಕಾರಿ ಗೌರವ, ಮೆರವಣಿಗೆ, ವಿಧಿವಿಧಾನ ಯಾವುದೂ ಇಲ್ಲದೆ ದಹನವಾಯಿತು. ಅಂಥವರಿಗೂ ತಮ್ಮ ಕೊನೆಯ ಬಗ್ಗೆ ಒಂದು ನಿಲುವು ಇತ್ತು, ಅದನ್ನು ಮನೆಯವರಿಗೆ ಹೇಳಿಟ್ಟಿದ್ದರು, ಮನೆಯವರು ನಡೆಸಿಕೊಟ್ಟರು. ನಾವು ಕೇಳುವುದು ಅಷ್ಟನ್ನೇ.

ಇನ್ನು ಸಮಾಧಾನ. ಈ ಮಾತಿಗೆ ಹೆಚ್ಚು ಕಾವಲು ಬೇಕು, ಯಾಕೆಂದರೆ ಅದನ್ನು ಹಿರಿಯರ ಬಾಯಿ ಮುಚ್ಚಿಸಲು ಬಳಸುವವರಿದ್ದಾರೆ. ವಯಸ್ಸಾಯ್ತಲ್ಲ, ಇನ್ನೇನು ಬೇಕು, ಇದ್ದುದರಲ್ಲಿ ಸಮಾಧಾನವಾಗಿರಿ ಅನ್ನುತ್ತಾರೆ. ಹಲ್ಲು ಹೋದ ಮೇಲೆ ಮುದ್ದೆ ನುಂಗಿ, ಸೊಪ್ಪಿನ ಸಾರು ಕುಡಿದು, ಜಗಲಿಯ ಬಿಸಿಲಲ್ಲಿ ಕುಳಿತು, ಮೊಮ್ಮಕ್ಕಳ ಗಲಾಟೆ ಕೇಳುತ್ತಾ ಸಿಗುವ ಸಮಾಧಾನ ನಮ್ಮ ಸ್ವಂತದ್ದು. ನಾವೇ ದುಡಿದು ಪಡೆದದ್ದು. ಆದರೆ ಕೂಲಿ ಮಾಡಿಯೇ ಬೆನ್ನು ಬಾಗಿದ ಹೆಂಗಸಿಗೆ ತಿಂಗಳಿಗೆ 1,200 ರೂಪಾಯಿಯ ಸಂಧ್ಯಾ ಸುರಕ್ಷಾ ಬಿಟ್ಟರೆ ಬೇರೆ ಆದಾಯವಿಲ್ಲ, ಅದೂ ತಡವಾದರೆ ಅಂಗಡಿಯವನ ಮುಂದೆ ತಲೆತಗ್ಗಿಸಬೇಕು. ಆಕೆಗೆ ಸಮಾಧಾನ ಬೋಧಿಸಲು ನಮಗೆ ನಾಲಿಗೆ ಬರುವುದಿಲ್ಲ. 2011ರ ಜನಗಣತಿಯ ಹೊತ್ತಿಗೇ ಕರ್ನಾಟಕದಲ್ಲಿ ಅರವತ್ತು ದಾಟಿದವರು ಸುಮಾರು 58 ಲಕ್ಷ, ನೂರಕ್ಕೆ ಒಂಬತ್ತೂವರೆ ಮಂದಿ ಇದ್ದರು. ಈ ಸಂಖ್ಯೆ ಏರುತ್ತಲೇ ಇದೆ. ಪಿಂಚಣಿಯನ್ನು ಬೆಲೆಗಳ ಜೊತೆಗೆ ಏರಿಸಬೇಕು, ತಿಂಗಳ ಮೊದಲ ವಾರದೊಳಗೆ ಕೈಸೇರಿಸಬೇಕು, ಬೆರಳಚ್ಚು ಸವೆದವರನ್ನು ಯಂತ್ರ ಗುರುತಿಸಲಿಲ್ಲವೆಂದು ವಾಪಸು ಕಳಿಸಬಾರದು.

ಸತ್ತ ಮೇಲೆ ಮಲಗಲು ಆರಡಿ ಮೂರಡಿ ಇಲ್ಲದ ಹಳ್ಳಿಗಳಿವೆ. ಹೊಲವಿದ್ದವರು ಹೊಲದಲ್ಲೇ ಮಣ್ಣಾಗುತ್ತಾರೆ. ಹೊಲವಿಲ್ಲದವರು, ಅದರಲ್ಲೂ ದಲಿತ ಕೇರಿಯವರು, ಕೆರೆ ಏರಿಯ ಬದಿ, ನಾಲೆಯ ದಡ ಹುಡುಕಬೇಕು, ದಾರಿಗಾಗಿ ಕೈಮುಗಿಯಬೇಕು. ಪ್ರತಿ ಹಳ್ಳಿಗೂ ಸ್ಮಶಾನಕ್ಕೆ ಜಾಗ ಕೊಡಬೇಕೆಂದು ಕರ್ನಾಟಕ ಹೈಕೋರ್ಟ್ 2019ರಲ್ಲೇ ಹೇಳಿದೆ. ಒಂದೇ ಹೊಳೆಯ ನೀರು ಕುಡಿದವರಿಗೆ ಬೇರೆ ಬೇರೆ ಸ್ಮಶಾನದ ದಾರಿಗಳು ಏಕೆ ಎಂಬ ಪ್ರಶ್ನೆಯನ್ನೂ ನಾವು ಬಿಡುವುದಿಲ್ಲ. ಈ ಬಳಗಕ್ಕೆ ಸೇರುವವರು ಯಾವ ಜಾತಿಯವರ ಹೆಣಕ್ಕೂ ಹೆಗಲು ಕೊಡಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ಮಕ್ಕಳ ಮೇಲೆ ದೂರು ಹೇಳುವ ಪಟ್ಟಿಯಾಗಿ ಈ ಪ್ರಣಾಳಿಕೆಯನ್ನು ಬರೆದಿಲ್ಲ. ಆದರೂ ಗೊತ್ತಿರಬೇಕಾದ್ದು ಗೊತ್ತಿರಲಿ. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ 2007ರಿಂದ ಇದೆ. ಅನ್ನ ಹಾಕದ ಮಕ್ಕಳ ವಿರುದ್ಧ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಹೋಗಬಹುದು. ಆಸ್ತಿಯನ್ನು ದಾನಪತ್ರ ಮಾಡಿ ಕೊಡುವವರು, ನಮ್ಮನ್ನು ನೋಡಿಕೊಳ್ಳಬೇಕು ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ಹಾಗೆ ಬರೆಸಿದ್ದರೆ, ಷರತ್ತು ಮುರಿದಾಗ ಆ ದಾನವನ್ನೇ ರದ್ದು ಮಾಡಿಸಲು 23ನೇ ಸೆಕ್ಷನ್ ದಾರಿ ಕೊಡುತ್ತದೆ. ಬಾಯಿಮಾತಿನ ಭರವಸೆ ನಂಬಿ ಹೆಬ್ಬೆಟ್ಟು ಒತ್ತಿ, ಆಮೇಲೆ ದನದ ಕೊಟ್ಟಿಗೆಯ ಪಕ್ಕಕ್ಕೆ ಹಾಸಿಗೆ ಸರಿದವರು ಈ ಸೀಮೆಯಲ್ಲಿ ಇದ್ದಾರೆ. 14567 ಹಿರಿಯರ ಸಹಾಯವಾಣಿ. ಮನೆಯ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡಿ.

ಅಷ್ಟೇ ನೇರವಾಗಿ ನಮ್ಮವರಿಗೂ ಹೇಳಬೇಕು. ಮುಪ್ಪನ್ನು ಒಪ್ಪಿದೆವು ಎನ್ನುವವರು ಯಜಮಾನಿಕೆ ಬಿಡಬೇಕು. ಎಪ್ಪತ್ತೈದಾದರೂ ಬೀರುವಿನ ಬೀಗದ ಕೈ ಸೊಂಟದಲ್ಲೇ ಇರಬೇಕು, ಗೊಬ್ಬರದ ಮೂಟೆ ತರಲೂ ಮಗ ನಮ್ಮನ್ನೇ ಕೇಳಬೇಕು, ಸೊಸೆ ಉಪ್ಪು ಹಾಕಿದ್ದಕ್ಕೆ ನಮ್ಮ ಒಪ್ಪಿಗೆ ಬೇಕು ಎಂದು ಕೂತರೆ ಅದು ಮುಪ್ಪನ್ನು ಒಪ್ಪಿದ ಲಕ್ಷಣವಲ್ಲ. ನರಸೀಪುರದ ಹತ್ತಿರದ ತಲಕಾಡನ್ನು ರಾಜಧಾನಿ ಮಾಡಿಕೊಂಡು ಆಳಿದ ಗಂಗರ ವಂಶದಲ್ಲಿ ಇಮ್ಮಡಿ ಮಾರಸಿಂಹನೆಂಬ ದೊರೆಯಿದ್ದ. ಯುದ್ಧಗಳಲ್ಲೇ ಬದುಕು ಕಳೆದ ಆ ದೊರೆ ಕೊನೆಗೆ ರಾಜ್ಯ ಬಿಟ್ಟು, 974ರ ಸುಮಾರಿಗೆ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟನೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಆ ವ್ರತ ಜೈನರ ಕಠಿಣ ಮಾರ್ಗ, ಅವರಿಗೆ ಸೇರಿದ್ದು. ನಾವು ಯಾರಿಗೂ ಉಪವಾಸ ಹೇಳುತ್ತಿಲ್ಲ. ಸಾವನ್ನು ಎಳೆದು ತರುವುದೂ ನಮ್ಮ ದಾರಿಯಲ್ಲ. ಬದುಕು ಬೇಡವೆನಿಸಿ ಕೂತವರಿದ್ದರೆ ಅವರ ಪಕ್ಕ ಕೂರುವುದು, ಡಾಕ್ಟರ ಹತ್ತಿರ ಕರೆದೊಯ್ಯುವುದು ನಮ್ಮ ಕರ್ತವ್ಯ. ಮಾರಸಿಂಹನಿಂದ ನಾವು ತೆಗೆದುಕೊಳ್ಳುವುದು ಸಿಂಹಾಸನದಿಂದ ತಾನಾಗಿ ಇಳಿದ ಆ ಹೆಜ್ಜೆಯನ್ನು ಮಾತ್ರ. ಬೀಗದ ಕೈ ಕೊಟ್ಟ ಮೇಲೂ ಹಿರಿತನ ಹೋಗುವುದಿಲ್ಲ. ಹೊಲದ ಗಡಿ ಯಾವುದು, ಯಾವ ಕಾಲುವೆಯ ಸರದಿ ಯಾರದು, ಮುತ್ತಜ್ಜಿಯ ತವರು ಯಾವುದು ಎಂದು ಕೇಳಲು ಮಕ್ಕಳು ನಮ್ಮ ಬಳಿಗೇ ಬರಬೇಕು, ಬರುತ್ತಾರೆ.

ಈಗ ಮಾಡುವ ಕೆಲಸಕ್ಕೆ ಬರೋಣ. ಮನೆಯಲ್ಲಿ ಸಾವಿನ ಮಾತು ಆಡಲು ಒಂದು ದಿನ ಬೇಕು. ದಿನ ಗೊತ್ತಾದರೆ ಅಳುಕು ಕಡಿಮೆಯಾಗುತ್ತದೆ. ನಮ್ಮಲ್ಲಿ ಅಂಥ ದಿನ ಆಗಲೇ ಇದೆ. ಪಿತೃಪಕ್ಷದಲ್ಲಿ, ಮಹಾಲಯ ಅಮಾವಾಸ್ಯೆಯ ಹೊತ್ತಿಗೆ, ನಮ್ಮ ಮನೆಗಳಿಗೆ ಹೋದವರೆಲ್ಲ ಬರುತ್ತಾರೆ. ಕಳಸ ಇಟ್ಟು, ಹೊಸ ಬಟ್ಟೆ ಇಟ್ಟು, ಅಪ್ಪನಿಗೆ ಇಷ್ಟವಾದ ಬಾಡಿನ ಸಾರು, ಅವ್ವನಿಗೆ ಕಜ್ಜಾಯ, ಎಲೆ ಅಡಿಕೆ, ಬೀಡಿ ಸೇದುತ್ತಿದ್ದ ತಾತನಿಗೆ ಬೀಡಿ ಕಟ್ಟು ಎಲ್ಲ ಎಡೆ ಇಡುತ್ತೇವೆ. ಬಾಗಿಲು ಹಾಕಿ ಸ್ವಲ್ಪ ಹೊತ್ತು ಹೊರಗೆ ಕೂರುತ್ತೇವೆ, ಅವರು ಬಂದು ಉಣ್ಣಲಿ ಎಂದು. ಬೆಂಗಳೂರಿನಿಂದ ಮಕ್ಕಳು ಬಂದಿರುತ್ತಾರೆ. ಅಂದು ಯಾರೂ ಯಾರಿಗೂ ಬಿಡ್ತು ಅನ್ನು ಎನ್ನುವುದಿಲ್ಲ, ಯಾಕೆಂದರೆ ಇಡೀ ಹಬ್ಬವೇ ಸತ್ತವರದ್ದು. ಬಾಗಿಲು ಹಾಕಿ ಹೊರಗೆ ಕೂರುವ ಆ ಹೊತ್ತನ್ನು ನಮಗೆ ಕೊಡಿ. ಆಗ ಮನೆಯ ಹಿರಿಯರು ಮಾತಾಡಲಿ, ಕಿರಿಯರು ಕೇಳಲಿ. ನಾನು ಹಾಸಿಗೆ ಹಿಡಿದರೆ ಯಾರು ನೋಡಿಕೊಳ್ಳುತ್ತೀರಿ, ಎಲ್ಲಿ ಇಟ್ಟುಕೊಳ್ಳುತ್ತೀರಿ? ಯಾವ ಹಂತದವರೆಗೆ ಆಸ್ಪತ್ರೆ, ಯಾವಾಗ ಮನೆಗೆ ಕರೆದುತರಬೇಕು? ಸುಡಬೇಕೋ ಹೂಳಬೇಕೋ, ಕಣ್ಣು ದಾನ ಕೊಡಬೇಕೋ? ಯಾರ ಜೊತೆ ಮನಸ್ತಾಪವಿದೆ, ಅವರಿಗೆ ನನ್ನ ಪರವಾಗಿ ಏನು ಹೇಳಬೇಕು? ಒಂದೇ ವರ್ಷದಲ್ಲಿ ಎಲ್ಲ ಮುಗಿಯಬೇಕಾಗಿಲ್ಲ. ಮುಂದಿನ ಮಹಾಲಯಕ್ಕೆ ಮನಸ್ಸು ಬದಲಾದರೆ ಬದಲಾದದ್ದನ್ನು ಹೇಳಬಹುದು. ಮುಸ್ಲಿಂ ಮನೆಗಳಲ್ಲಿ ಗೋರಿಗಳಿಗೆ ಹೋಗಿ ಬರುವ ಷಬೇ ಬರಾತಿನ ಸಂಜೆ, ಕ್ರೈಸ್ತ ಮನೆಗಳಲ್ಲಿ ಸಮಾಧಿಗೆ ಮೇಣದಬತ್ತಿ ಹಚ್ಚುವ ನವೆಂಬರ್ 2, ಇದೇ ಮಾತಿಗೆ ಒದಗುತ್ತವೆ. ಈ ಚಳವಳಿಯಿಂದ ಇದೊಂದು ರೂಢಿ ನೆಲೆ ನಿಂತರೂ ನಾವು ದುಡಿದದ್ದು ಸಾರ್ಥಕ.

ಆಡಿದ್ದನ್ನು ಬರೆದಿಡಲು ಕಾನೂನಿನ ಬಲವೂ ಈಗ ಇದೆ. ಗುಣವಾಗುವ ಆಸೆಯಿಲ್ಲದ ಸ್ಥಿತಿಯಲ್ಲಿ ಯಂತ್ರಗಳಿಂದ ಉಸಿರು ಹಿಡಿದಿಡುವುದು ಬೇಡ ಎಂದು ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರ ತೀರ್ಪಿನಲ್ಲಿ ಒಪ್ಪಿತು. ಅದರ ವಿಧಾನ ತೊಡಕಾಗಿತ್ತು. 2023ರ ಜನವರಿಯಲ್ಲಿ ಸರಳ ಮಾಡಿತು. ಇಬ್ಬರು ಸಾಕ್ಷಿಗಳ ಎದುರು ಸಹಿ, ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿಯ ದೃಢೀಕರಣ, ನಮ್ಮ ಬದಲು ಮಾತಾಡಬೇಕಾದ ನಂಬಿಕಸ್ಥರ ಹೆಸರು ಇದ್ದರೆ ಸಾಕು. ಸಮಯ ಬಂದಾಗ ಡಾಕ್ಟರರ ಎರಡು ಮಂಡಳಿಗಳು ನೋಡಿ ನಿರ್ಧರಿಸುತ್ತವೆ. ಮನೆಯ ಒಬ್ಬರ ಅವಸರಕ್ಕೆ ಏನೂ ನಡೆಯುವುದಿಲ್ಲ. ಇದನ್ನು ಜಾರಿಗೆ ತರುವ ಆದೇಶವನ್ನು ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಹೊರಡಿಸಿತು. ಇದಕ್ಕಾಗಿ ವರ್ಷಗಟ್ಟಲೆ ಹೋರಾಡಿದವರು ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ, ಅವರಿಗೆ ನಮ್ಮ ನಮಸ್ಕಾರ. ಈ ಪತ್ರದ ಒಂದು ಪ್ರತಿಯನ್ನು ಇಟ್ಟುಕೊಳ್ಳಲು ಸ್ಥಳೀಯ ಸಂಸ್ಥೆ ಒಬ್ಬ ಅಧಿಕಾರಿಯನ್ನು ಗೊತ್ತು ಮಾಡಬೇಕೆಂಬ ನಿಯಮವೂ ಇದೆ. ಬನ್ನೂರು ಪುರಸಭೆಯಲ್ಲಿ, ಸುತ್ತಲಿನ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಆ ಅಧಿಕಾರಿ ಯಾರು, ಅವರ ಮೇಜು ಎಲ್ಲಿ ಎಂಬುದು ಬೋರ್ಡಿನ ಮೇಲೆ ಬರೆದಿರಬೇಕು.

ನೋವಿನ ಬಗ್ಗೆ ನಮಗೆ ಸಿಟ್ಟಿದೆ, ಅದನ್ನು ಮುಚ್ಚಿಡುವುದಿಲ್ಲ. ಕ್ಯಾನ್ಸರ್ ಬಂದವರು ರಾತ್ರಿಯಿಡೀ ಕೂಗುವುದು ಮೂರು ಮನೆಯಾಚೆಗೂ ಕೇಳುತ್ತದೆ, ಎಲ್ಲರೂ ಅದನ್ನು ಅವರ ಹಣೆಬರಹ ಅಂದುಕೊಳ್ಳುತ್ತಾರೆ. ಅದು ಹಣೆಬರಹವಲ್ಲ. ಮಾರ್ಫಿನ್ ಮಾತ್ರೆ ದುಬಾರಿಯಲ್ಲ, ನೋವು ತಗ್ಗಿಸುತ್ತದೆ. 1985ರ ಮಾದಕವಸ್ತು ಕಾಯ್ದೆಯ ಬಿಗಿಯಿಂದ ಅದು ರೋಗಿಗಳ ಕೈಗೆ ಸಿಗದಂತಾಗಿತ್ತು; 2014ರಲ್ಲಿ ಸಂಸತ್ತು ಕಾಯ್ದೆ ತಿದ್ದಿ ದಾರಿ ಸಲೀಸು ಮಾಡಿತು. ದಾರಿ ಆಯಿತು, ಮಾತ್ರೆ ಹಳ್ಳಿಗೆ ನಡೆದು ಬರಲಿಲ್ಲ. ನರಸೀಪುರವನ್ನೂ ನಂಜನಗೂಡನ್ನೂ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 766ರ ಒಂದು ತುದಿ ಕೊಳ್ಳೇಗಾಲ, ಇನ್ನೊಂದು ತುದಿ ಕಲ್ಲಿಕೋಟೆ. ಆ ಕಲ್ಲಿಕೋಟೆಯಲ್ಲಿ 1993ರಲ್ಲಿ ಕೆಲವು ಡಾಕ್ಟರರು ನೋವು ನಿವಾರಣೆಯ ಕೆಲಸ ಶುರು ಮಾಡಿದರು. ಅದು ಡಾಕ್ಟರರ ಕೈಯಲ್ಲೇ ಉಳಿಯಲಿಲ್ಲ. ಅಂಗಡಿಯವರು, ಮೇಷ್ಟ್ರುಗಳು, ಗೃಹಿಣಿಯರು, ಕಾಲೇಜು ಹುಡುಗರು ತರಬೇತಿ ಪಡೆದು ತಮ್ಮ ತಮ್ಮ ಬೀದಿಯ ರೋಗಿಗಳನ್ನು ನೋಡಿಕೊಂಡರು: ಹಾಸಿಗೆಹುಣ್ಣು ತೊಳೆಯುವುದು, ಮಗ್ಗುಲು ಬದಲಿಸುವುದು, ಔಷಧಿ ಮುಗಿಯುವ ಮೊದಲೇ ತರುವುದು, ಬಡವರ ಮನೆಗೆ ಅಕ್ಕಿ ಮುಟ್ಟಿಸುವುದು. 2008ರಲ್ಲಿ ಕೇರಳ ಸರ್ಕಾರ ಅದನ್ನು ನೀತಿಯಾಗಿ ತಂದು ಪಂಚಾಯಿತಿಗಳಿಗೆ ವಹಿಸಿತು. ನಮ್ಮ ಬಾಳೆ, ತರಕಾರಿ ಲಾರಿಗಳು ಹೋಗಿ ಬರುವ ರಸ್ತೆ ಅದು. ಲಾರಿ ಹೋಗುವ ಕಡೆಯಿಂದ ಒಂದು ಒಳ್ಳೆಯ ಪದ್ಧತಿ ಬರಲಾರದೇ? ನಮ್ಮಲ್ಲೂ ಮಾದರಿಗಳಿಲ್ಲವೆಂದಲ್ಲ. ಮೈಸೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟಿನವರು ಮನೆಗೇ ಹೋಗಿ ಇಂಥ ಆರೈಕೆ ಮಾಡುತ್ತಾರೆ. ಬೆಂಗಳೂರಿನ ಕರುಣಾಶ್ರಯ 1999ರಿಂದ ಕ್ಯಾನ್ಸರಿನ ಕೊನೆಯ ಹಂತದವರನ್ನು ದುಡ್ಡಿಲ್ಲದೆ ನೋಡಿಕೊಳ್ಳುತ್ತಿದೆ. ನರಸೀಪುರ, ನಂಜನಗೂಡಿನ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾರ್ಫಿನ್ ಸಿಗಬೇಕು, ಅದನ್ನು ಕೊಡಲು ತರಬೇತಿಯಾದ ಡಾಕ್ಟರು ಇರಬೇಕು. ಬೀದಿಯಲ್ಲಿ ನೋಡಿಕೊಳ್ಳುವವರನ್ನು ನಾವು ಹೊಂದಿಸುತ್ತೇವೆ.

ತಿಥಿಯ ಸಾಲದ ಮಾತು ಉಳಿಯಿತು. ರಾಮ್ ರೆಡ್ಡಿ ಅವರ 'ತಿಥಿ' ಸಿನಿಮಾ (2015) ನೋಡಿದವರಿಗೆ ನೆನಪಿರುತ್ತದೆ: ನಮ್ಮ ಪಕ್ಕದ ಮಂಡ್ಯ ಸೀಮೆಯ ಹಳ್ಳಿ, ಅಲ್ಲಿನ ಜನರೇ ನಟರು, ನೂರೊಂದು ವರ್ಷದ ಸೆಂಚುರಿ ಗೌಡನ ಸಾವು, ಹನ್ನೊಂದನೇ ದಿನದ ಊಟಕ್ಕೆ ಕುರಿ ಹೊಂದಿಸುವ ಪಾಡು. ಕುರಿಗೆ ಹೆಸರಾದ ಬನ್ನೂರಿನವರಾದ ನಮಗೆ ಆ ಪಾಡು ಚೆನ್ನಾಗಿ ಗೊತ್ತು. ಹಾಲುತುಪ್ಪದ ದಿನದಿಂದಲೇ ಮನೆಯವರು ಅಳುವುದನ್ನು ಬಿಟ್ಟು ಲೆಕ್ಕ ಹಾಕತೊಡಗುತ್ತಾರೆ. ಅಪ್ಪನ ತಿಥಿಗೆ ಹೆಸರುವಾಸಿ ಕುರಿಯನ್ನೇ ಕಡಿಯಬೇಕು, ಊರಿಗೆಲ್ಲ ಎಲೆ ಹಾಕಬೇಕು ಎಂಬ ಹಟಕ್ಕೆ ಬಡ್ಡಿಗೆ ದುಡ್ಡು ತಂದು, ವರ್ಷದ ತಿಥಿ ಬಂದರೂ ಹನ್ನೊಂದರ ಸಾಲ ತೀರಿಸುತ್ತಿರುವ ಮನೆಗಳಿವೆ. ಉಳ್ಳವರು ಮಾಡಲಿ, ಊರು ಉಂಡು ನೆನೆಯಲಿ, ಅದರಲ್ಲಿ ತಪ್ಪೇನಿಲ್ಲ. ಇಲ್ಲದವರು ಮಾಡಬೇಕಾಗಿಲ್ಲ ಎಂಬುದನ್ನು ಸಾಯುವವರೇ ಹೇಳಿಟ್ಟು ಹೋಗಬೇಕು. ಮಕ್ಕಳು ಹೇಳಿದರೆ ಜಿಪುಣತನ ಅನ್ನುತ್ತಾರೆ.

ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು ಇದನ್ನು ಮಾಡಿ ತೋರಿಸಿದರು. ತಮ್ಮ ದೇಹವನ್ನು ಮಣ್ಣಲ್ಲಿಡದೆ ಬೆಂಕಿಗೆ ಕೊಡಬೇಕು, ಬೂದಿಯನ್ನು ನೀರಿಗೆ ಬಿಡಬೇಕು, ಗುಡಿ ಸ್ಮಾರಕ ಏನನ್ನೂ ಕಟ್ಟಬಾರದು ಎಂದು 2014ರಲ್ಲೇ ಬರೆದಿಟ್ಟರು. 2023ರ ಜನವರಿ 2ರಂದು ಅವರು ಹೋದಾಗ ಲಕ್ಷಗಟ್ಟಲೆ ಜನ ಸೇರಿದ್ದರು; ಅಷ್ಟು ಜನರ ಭಕ್ತಿಗೆ ಎಂಥ ಗದ್ದುಗೆಯನ್ನಾದರೂ ಎಬ್ಬಿಸುವ ಶಕ್ತಿಯಿತ್ತು. ಆದರೂ ಬರೆದಿಟ್ಟಂತೆಯೇ ನಡೆಯಿತು, ಬೂದಿ ನದಿ, ಕಡಲು ಸೇರಿತು. ಮಠಾಧೀಶರಿಗೆ ಸಾಧ್ಯವಾದದ್ದು ಬನ್ನೂರಿನ ರೈತನಿಗೂ ಸಾಧ್ಯ. ಎರಡು ಸಾಲು ಸಾಕು: ನನ್ನ ತಿಥಿಗೆ ಸಾಲ ಮಾಡಬೇಡಿ, ಇದ್ದುದರಲ್ಲಿ ಹತ್ತು ಜನಕ್ಕೆ ಅನ್ನ ಹಾಕಿ.

ಈ ಚಳವಳಿಗೆ ಹೆಸರಿಟ್ಟಿಲ್ಲ, ಪದಾಧಿಕಾರಿಗಳಿಲ್ಲ, ಚಂದಾ ಇಲ್ಲ. ಬೀದಿಗೊಂದು ನೋಟ್‌ಬುಕ್ ಇರುತ್ತದೆ. ಅದರಲ್ಲಿ ಆ ಬೀದಿಯ ಹಿರಿಯರ ಹೆಸರು, ಅವರನ್ನು ವಾರಕ್ಕೊಮ್ಮೆಯಾದರೂ ಹೋಗಿ ಮಾತಾಡಿಸಿ ಬರುವವರ ಹೆಸರು ಇರುತ್ತದೆ. ಓದು ಬರಹ ಬಾರದವರ ಇಚ್ಛೆಯನ್ನು ನಮ್ಮಲ್ಲಿರುವ ನಿವೃತ್ತ ಮೇಷ್ಟ್ರುಗಳು ಬರೆದುಕೊಟ್ಟು, ಓದಿ ಹೇಳಿ, ಸಹಿ ಹಾಕಿಸುತ್ತಾರೆ. ವಯಸ್ಸಿನ ಕಟ್ಟಿಲ್ಲ, ಇಪ್ಪತ್ತು ವರ್ಷದ ಹುಡುಗ ಹುಡುಗಿಯರು ಬಂದರೆ ಅವರಿಗೆ ಮೊದಲ ಸಾಲಿನಲ್ಲಿ ಜಾಗ. ಬರುವ ಮಹಾಲಯಕ್ಕೆ ಮುಂಚೆ ಪ್ರತಿ ಊರಿನ ಕಟ್ಟೆಯ ಮೇಲೆ ಒಂದು ಸಭೆ ಸೇರಿಸುತ್ತೇವೆ. ಬರುವಾಗ ಒಂದು ಹೆಸರು ತನ್ನಿ: ನಿಮ್ಮ ಬೀದಿಯಲ್ಲಿ ಹಾಸಿಗೆ ಹಿಡಿದಿರುವವರ ಹೆಸರು, ಅವರ ಹತ್ತಿರ ಹಗಲು ಯಾರಿರುತ್ತಾರೆ, ರಾತ್ರಿ ಯಾರಿರುತ್ತಾರೆ ಎಂಬುದು. ಸಭೆ ಮುಗಿದ ಕೂಡಲೇ ಮೊದಲು ಆ ಮನೆಗೆ ಹೋಗುತ್ತೇವೆ.